ಆಮೆಗೂ ಬೇಕು ಗುಂಡಿಮಗ್ಗದ ತೇವ

ಕೊಯಮತ್ತೂರಿನಿಂದ ಪೊಳ್ಳಾಚಿಯ ಕಡೆ ಹೊರಟರೆ ಊರು ಮುಗಿಯಿತು ಅನ್ನಿಸುವ ಮೊದಲೇ ಕುರಿಚಿ ಸಿಗುತ್ತದೆ. ನೊಯ್ಯಲ್ ನದಿಯ ನೀರು ತುಂಬುವ ದೊಡ್ಡ ಕೆರೆ, ಸಿಡ್ಕೋ ಕೈಗಾರಿಕಾ ವಸಾಹತಿನ ಫೌಂಡ್ರಿಗಳು, ಲೇತ್ ಶೆಡ್ಡುಗಳು, ನಡುವೆ ಒತ್ತೊತ್ತಾಗಿ ಮನೆಗಳು. ಅಲ್ಲಿನ ಕನ್ನಡ ಮನೆಯೊಂದರಿಂದ ಬಂದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅಂಗೈಯಲ್ಲಿ ಹಿಡಿಸುವಷ್ಟಿದ್ದ ಸುಲ್ಕಾಟಾ ಆಮೆ ಈಗ ಊಟದ ತಟ್ಟೆಯಷ್ಟಾಗಿದೆ. ಮೀನಿಗೆಂದು ತಂದಿದ್ದ ಗಾಜಿನ ತೊಟ್ಟಿಯಲ್ಲಿ ಅದಕ್ಕೆ ತಿರುಗಲೂ ಜಾಗವಿಲ್ಲ. ಮನೆಯೊಳಗೇ ಅದಕ್ಕೊಂದು ಗೂಡು ಕಟ್ಟುವುದು ಹೇಗೆ? ಪ್ರಶ್ನೆಯ ಜೊತೆಗೆ ಒಂದು ಫೋಟೋ. ಬೆನ್ನಿನ ಒಂದೊಂದು ಬಿಲ್ಲೆಯೂ ಪುಟ್ಟ ಗೋಪುರದಂತೆ ಮೇಲೆದ್ದಿದೆ. ಮನೆಯವರು ಅದನ್ನು ಆಮೆಯ ಅಂದ ಅಂದುಕೊಂಡಿದ್ದಾರೆ.

ಗೂಡಿನ ಅಳತೆಯನ್ನು ಅವರು ಕೇಳಿದ್ದಾರೆ. ಆದರೆ ಹೇಳಬೇಕಾದ್ದರಲ್ಲಿ ಹೆಚ್ಚಿನದು ಆ ಬೆನ್ನಿನ ಗೋಪುರಗಳಲ್ಲೇ ಇದೆ.

ಅದಕ್ಕೂ ಮೊದಲು ಕಾನೂನಿನ ಮಾತು. ಸುಲ್ಕಾಟಾ ನಮ್ಮ ನಾಡಿನ ಪ್ರಾಣಿಯಲ್ಲ, ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನದು. ಅದರ ವ್ಯಾಪಾರವನ್ನು ಸೈಟೀಸ್ ಅಂತರರಾಷ್ಟ್ರೀಯ ಒಪ್ಪಂದ ನಿಯಂತ್ರಿಸುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಮನೆಯಲ್ಲಿದ್ದರೆ ಕೇಂದ್ರ ಸರ್ಕಾರದ ಪರಿವೇಶ್ 2.0 ಜಾಲತಾಣದ ಮೂಲಕ ನೋಂದಾಯಿಸಲೇಬೇಕು. ನಮ್ಮದೇ ಕುರುಚಲು ಕಾಡಿನ ನಕ್ಷತ್ರ ಆಮೆಯ ವಿಷಯದಲ್ಲಿ ನೋಂದಣಿಯ ಪ್ರಶ್ನೆಯೇ ಏಳುವುದಿಲ್ಲ. ಅದು ಈಗ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು, ಎಲ್ಲವೂ ಅಪರಾಧ. ಶಿಕ್ಷೆ 3ರಿಂದ 7 ವರ್ಷ ಜೈಲು. ಅದೃಷ್ಟ ತರುತ್ತದೆಂದು ನಕ್ಷತ್ರ ಆಮೆಯನ್ನು ಮಂಚದ ಕೆಳಗೆ ಬಿಟ್ಟುಕೊಂಡವರು ಗೂಡು ಕಟ್ಟುವ ಯೋಚನೆ ಬಿಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಬೇಕು.

ಈಗ ಗೋಪುರಗಳಿಗೆ ಬರೋಣ. ಆಮೆಯ ಚಿಪ್ಪು ಎರಡು ಪದರದ ಕಟ್ಟಡ. ಒಳಗೆ ಸುಮಾರು 50 ಮೂಳೆಗಳು. ಬೆನ್ನುಮೂಳೆ, ಪಕ್ಕೆಲುಬುಗಳೇ ಅಗಲವಾಗಿ ಬೆಸೆದು ಆದ ಚಾವಣಿ ಅದು. ಹೊರಗೆ ನಮ್ಮ ಉಗುರಿನ ವಸ್ತುವಾದ ಕೆರಾಟಿನ್‌ನ ಬಿಲ್ಲೆಗಳು. ಒಳಗಿನ ಮೂಳೆಯ ಸಂದು, ಹೊರಗಿನ ಬಿಲ್ಲೆಯ ಸಂದು ಒಂದರ ಮೇಲೊಂದು ಬರುವುದಿಲ್ಲ. ಒಳ್ಳೆಯ ಮೇಸ್ತ್ರಿ ಇಟ್ಟಿಗೆಯ ವರಸೆ ಕಟ್ಟುವ ರೀತಿ ಇದೇ ತಾನೆ? ಆಮೆ ಬೆಳೆಯುವಾಗ ಹಾವಿನಂತೆ ಪೊರೆ ಕಳಚುವುದಿಲ್ಲ. ಪ್ರತಿ ಬಿಲ್ಲೆಯ ಅಂಚಿನಲ್ಲಿ ಹೊಸ ಕೆರಾಟಿನ್ ಸೇರುತ್ತಾ ಹೋಗುತ್ತದೆ, ಹಳೆಯದು ನಡುವೆ ಹಾಗೇ ಉಳಿಯುತ್ತದೆ. ಹೀಗಾಗಿ ಮರಿಯಾಗಿದ್ದಾಗಿನ ದಿನಗಳು ಕೊನೆಯವರೆಗೂ ಬೆನ್ನ ಮೇಲೆ ಓದಲು ಸಿಗುತ್ತವೆ.

ಈ ಗೋಪುರಗಳು ಅಂದವಲ್ಲ, ಬೆಳವಣಿಗೆಯ ದೋಷ. ಅದರ ತಪ್ಪನ್ನು ಬಹುಕಾಲ ಆಹಾರದ ತಲೆಗೆ ಕಟ್ಟಿದ್ದರು. ಪ್ರೋಟೀನ್ ಹೆಚ್ಚಾದರೆ ಆಮೆ ಬೇಗ ಬೆಳೆದು ಚಿಪ್ಪು ಉಬ್ಬುತ್ತದೆ ಎನ್ನುವುದು ಸಾಕುವವರ ನಂಬಿಕೆ. ಅದನ್ನು ಪರೀಕ್ಷೆಗೆ ಒಡ್ಡಿದವರು ಆಸ್ಟ್ರಿಯಾದ ಸಂಶೋಧಕರಾದ ವೀಸ್ನರ್ ಮತ್ತು ಈಬನ್. ಆಗತಾನೆ ಮೊಟ್ಟೆಯೊಡೆದ 50 ಸುಲ್ಕಾಟಾ ಮರಿಗಳನ್ನು ಐದು ಗುಂಪು ಮಾಡಿ, ಬೇರೆಬೇರೆ ಪ್ರಮಾಣದ ಪ್ರೋಟೀನ್, ಬೇರೆಬೇರೆ ಪ್ರಮಾಣದ ಗಾಳಿಯ ತೇವ ಕೊಟ್ಟು ಐದು ತಿಂಗಳು ಬೆಳೆಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶ ಗೊಂದಲಕ್ಕೆ ಎಡೆಯಿಲ್ಲದಂತಿತ್ತು. ಒಣಗಾಳಿಯಲ್ಲಿ ಬೆಳೆದ ಮರಿಗಳ ಗೋಪುರ ಎತ್ತರ, ತೇವದ ಗಾಳಿಯಲ್ಲಿ ಬೆಳೆದವುಗಳದ್ದು ತಗ್ಗು. ಪ್ರೋಟೀನಿನ ಪ್ರಭಾವ ತೀರಾ ಅಲ್ಪ.

ಮರುಭೂಮಿಯ ಪ್ರಾಣಿಗೆ ತೇವ ಏಕೆ ಬೇಕು? ಸಾಕುವವರು ಎಡವುವುದು ಇಲ್ಲೇ. ನಕಾಶೆಯಲ್ಲಿ ಮರುಭೂಮಿ ಕಂಡ ಕೂಡಲೇ ಗೂಡಿನಲ್ಲಿ ಒಣ ಮರಳು ಸುರಿದು, ಮೇಲೆ ಬಲ್ಬು ಕಟ್ಟುತ್ತಾರೆ. ಆದರೆ ಸುಲ್ಕಾಟಾ ಬದುಕುವುದು ನಕಾಶೆಯ ಮೇಲಲ್ಲ, ನೆಲದ ಕೆಳಗೆ. ಅದು ಪಳಗಿದ ಅಗೆತಗಾರ. ಬಿಸಿಲು ಸುಡುವ ತಿಂಗಳುಗಳನ್ನು ತಾನೇ ತೋಡಿದ ಬಿಲದಲ್ಲಿ ಕಳೆಯುತ್ತದೆ. ಬಿಲದೊಳಗಿನ ಗಾಳಿ ಹೊರಗಿನದಕ್ಕಿಂತ ತಂಪು, ಹೆಚ್ಚು ತೇವ.

ಈ ವಿಷಯವನ್ನು ಕೊಯಮತ್ತೂರು ಸೀಮೆಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ದೇವಾಂಗರ ಮನೆಮಾತು ಕನ್ನಡ, ಕುಲಕಸುಬು ನೇಯ್ಗೆ. ಹಿಂದಿನ ಮನೆಗಳಲ್ಲಿ ಇದ್ದದ್ದು ಗುಂಡಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಕಾಲುಮಣೆಯನ್ನು ಅದರೊಳಗೆ ಇಳಿಬಿಟ್ಟು, ನೇಕಾರ ನೆಲದ ಮಟ್ಟದಲ್ಲಿ ಕೂತು ಲಾಳಿ ಎಸೆಯುತ್ತಿದ್ದ. ಮಗ್ಗ ತಗ್ಗಿನಲ್ಲಿದ್ದರೆ ಮಣ್ಣಿನ ತೇವ ಹಾಸಿನ ಎಳೆಗಳಿಗೆ ತಾಗುತ್ತದೆ. ಹತ್ತಿಯ ಎಳೆಗೆ ಒಂದು ವಿಶೇಷ ಗುಣವಿದೆ: ತೇವಗೊಂಡಾಗ ಅದರ ಬಲ ಹೆಚ್ಚುತ್ತದೆ, ಒಣಗಿದಾಗ ಪಟಪಟನೆ ಕಡಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಎಳೆ ಕಡಿದು ಗಂಟು ಹಾಕುತ್ತಾ ಕೂರುವ ಬದಲು ಬೆಳಗಿನ ಜಾವವೇ ನೇಯುವ ಪದ್ಧತಿಗೂ ಇದೇ ಕಾರಣ. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಕೊಯಮತ್ತೂರಿನಲ್ಲಿ ಹತ್ತಿಯ ಗಿರಣಿ ಶುರುಮಾಡಿದರು. ಅಲ್ಲಿಂದ ಮುಂದೆ ಬೆಳೆದ ಗಿರಣಿಗಳ ಸಾಲಿಗೂ ಗಾಳಿಯ ತೇವವೇ ದೊಡ್ಡ ಚಿಂತೆ. ಇಂದಿಗೂ ನೇಯ್ಗೆಯ ಶೆಡ್ಡಿನಲ್ಲಿ ನೀರಿನ ಮಂಜು ಎರಚಿ ಗಾಳಿಯ ತೇವವನ್ನು ಶೇ. 75ರಿಂದ 85ರ ಆಸುಪಾಸಿನಲ್ಲಿ ಕಾಯುತ್ತಾರೆ.

ಆಮೆಯ ಬಿಲವೂ ಒಂದು ಗುಂಡಿಮಗ್ಗವೇ. ಬಿಲ್ಲೆಯ ಅಂಚಿನಲ್ಲಿ ದಿನದಿನವೂ ಹೊಸ ಎಳೆ ಸೇರುತ್ತಿರುತ್ತದೆ. ಗಾಳಿ ತೇವವಾಗಿದ್ದರೆ ಆ ಮೆತ್ತನೆಯ ಅಂಚು ಹೊರಕ್ಕೆ ಹರಡಿಕೊಂಡು ಸಪಾಟಾಗಿ ಬರುತ್ತದೆ. ಒಣಗಾಳಿಯಲ್ಲಿ ಅದು ಹರಡುವ ಮೊದಲೇ ಬಿರುಸಾಗಿ ಕೆಳಕ್ಕೆ ಬಾಗುತ್ತದೆ, ಮುಂದಿನ ಪದರ ಅದರ ಕೆಳಗೆ ಸೇರುತ್ತದೆ, ನಡುಭಾಗ ಮೇಲೆ ಉಳಿಯುತ್ತದೆ ಎನ್ನುವುದು ಈಗ ಹೆಚ್ಚು ಒಪ್ಪಿತವಾದ ವಿವರಣೆ. ಸೀರೆಯ ಅಂಚು ಬಿಗಿಯಾದರೆ ಒಡಲು ಉಬ್ಬುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ವ್ಯತ್ಯಾಸ ಇಷ್ಟೆ, ನೇಕಾರ ತಪ್ಪಿದ ಹೊಕ್ಕನ್ನು ಬಿಚ್ಚಿ ಮತ್ತೆ ಹಾಕಬಹುದು. ಆಮೆ ಹಾಕಿದ್ದನ್ನು ಬಿಚ್ಚಲಾಗದು.

ಕುರಿಚಿಯ ಮನೆಯಲ್ಲಿ ಗೂಡಿನ ತಳ ಹಾಗಾದರೆ ಹೇಗಿರಬೇಕು? ಟೈಲ್ಸ್ ಮೇಲೆ ಆಮೆಯನ್ನು ಬಿಡಲೇಬಾರದು. ಉಗುರಿಗೆ ಹಿಡಿತ ಸಿಗದೆ ಕಾಲು ಪಕ್ಕಕ್ಕೆ ಜಾರುತ್ತದೆ, ಬೆಳೆಯುವ ಕೀಲಿಗೆ ಅದು ಕೇಡು. ಪ್ಲೈವುಡ್ಡಿನ ಅಗಲವಾದ ಪೆಟ್ಟಿಗೆ, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗೊಬ್ಬರವಾಗಲಿ ಔಷಧವಾಗಲಿ ಸೋಕದ ತೋಟದ ಮಣ್ಣು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿ ಆರೇಳು ಅಂಗುಲ. ಪೊಳ್ಳಾಚಿ ಆ ಪುಡಿಯ ದೊಡ್ಡ ರಫ್ತು ಕೇಂದ್ರ. ಅಲ್ಲಿ ಇಟ್ಟಿಗೆಯಾಗಿ ಅಚ್ಚು ಹೊಡೆದದ್ದು ಕೋಕೋಪಿಟ್ ಎಂಬ ಹೆಸರಲ್ಲಿ ಜಗತ್ತಿನ ನರ್ಸರಿಗಳಿಗೆ ಹೋಗುತ್ತದೆ, ದೂರದ ದೇಶಗಳಲ್ಲಿ ಆಮೆ, ಹಲ್ಲಿ ಸಾಕುವವರ ಪೆಟ್ಟಿಗೆಗೂ ಹೋಗುತ್ತದೆ. ಸರೀಸೃಪಗಳಿಗೆಂದೇ ತಯಾರಾದದ್ದು ಎಂದು ಚಿತ್ರ ಅಚ್ಚುಹಾಕಿದ ಪುಟ್ಟ ಪೊಟ್ಟಣಕ್ಕೆ ಹಲವು ಪಟ್ಟು ದುಡ್ಡು ಕೊಡುವ ಬದಲು ಕುರಿಚಿಯವರು ಅದೇ ರಸ್ತೆಯಲ್ಲಿ ಮುಂದೆ ಹೋಗಿ ಒಂದು ಮೂಟೆ ತರಬಹುದು. ಉಪ್ಪಿನಂಶ ಹೋಗುವಂತೆ ಎರಡು ಸಲ ತೊಳೆದು ಬಳಸಿದರಾಯಿತು.

ಆ ಮಣ್ಣಿನ ತಳಭಾಗಕ್ಕೆ ನೀರು ಹನಿಸಬೇಕು. ಮೇಲ್ಭಾಗ ಕೈಗೆ ಅಂಟದಷ್ಟು ಒಣಗಿರಬೇಕು, ಒಳಗೆ ಕೈ ತೂರಿಸಿದರೆ ತಣ್ಣಗಿರಬೇಕು. ಒಂದು ಮೂಲೆಯಲ್ಲಿ ದೊಡ್ಡ ಮಣ್ಣಿನ ಮಡಕೆಯನ್ನು ಅಡ್ಡ ಮಲಗಿಸಿ ಅರ್ಧ ಹೂತರೆ ಬಿಲ ಸಿದ್ಧ. ಮಡಕೆಯೊಳಗೆ ತೇವ ಶೇ. 80ರ ಹತ್ತಿರ ನಿಲ್ಲುತ್ತದೆಯೇ ಎಂದು ಸಣ್ಣ ತೇವಮಾಪಕ ಇಟ್ಟು ನೋಡಬೇಕು. ಪಾಲಕ್ಕಾಡ್ ಕಣಿವೆಯ ಬಾಯಿಗೆ ಎದುರಾಗಿರುವ ಊರು ಇದು. ಜೂನ್, ಜುಲೈನಲ್ಲಿ ಕಣಿವೆಯಿಂದ ನುಗ್ಗುವ ಗಾಳಿ ಪೆಟ್ಟಿಗೆಯನ್ನು ಸರಸರನೆ ಒಣಗಿಸುತ್ತದೆ. ಅಲ್ಲಿ ಹೆಚ್ಚು ಮಳೆ ಸುರಿಯುವುದು ಅಕ್ಟೋಬರ್, ನವೆಂಬರಿನಲ್ಲಿ, ಆಗ ನೀರು ಹನಿಸುವುದೇ ಬೇಡವಾಗಬಹುದು. ಚಳಿಯಲ್ಲಿ ಒದ್ದೆ ಮಾತ್ರ ಅಪಾಯ. ಕಫ ಕಟ್ಟಿ ಮೂಗಿನಿಂದ ಗುಳ್ಳೆ ಬರುತ್ತದೆ. ತೇವ ಇರುವಲ್ಲಿ ಬೆಚ್ಚಗೂ ಇರಬೇಕು.

ಬೆಚ್ಚಗಿನ ವಿಷಯ ಬೇಗ ಮುಗಿಯುತ್ತದೆ. ಆಮೆ ತನ್ನ ಮೈಯ ಕಾವನ್ನು ತಾನು ಉತ್ಪಾದಿಸುವುದಿಲ್ಲ, ಹುಡುಕಿಕೊಂಡು ಹೋಗುತ್ತದೆ. ಪೆಟ್ಟಿಗೆಯ ಒಂದು ತುದಿಯಲ್ಲಿ ಬಲ್ಬಿನ ಕೆಳಗೆ 33ರಿಂದ 35 ಡಿಗ್ರಿ, ಇನ್ನೊಂದು ತುದಿ 25ರ ಸುತ್ತ. ನಡುವೆ ಎಲ್ಲಿ ಕೂರಬೇಕು ಎನ್ನುವುದು ಆಮೆಗೆ ಬಿಟ್ಟದ್ದು. ಗಾಜಿನ ಚಿಕ್ಕ ತೊಟ್ಟಿಯ ದೊಡ್ಡ ದೋಷ ಇದೇ, ಅದರಲ್ಲಿ ಎರಡು ತುದಿಗಳೇ ಇರುವುದಿಲ್ಲ.

ಬೆಳಕಿನ ಕಥೆ ಹಾಗಲ್ಲ. ಅದಕ್ಕಾಗಿ ಬರ್ಲಿನ್‌ಗೆ ಹೋಗಬೇಕು. ಮೊದಲ ಮಹಾಯುದ್ಧ ಮುಗಿದ ಚಳಿಗಾಲ, ಹಸಿವು. ಮಕ್ಕಳ ಕಾಲು ಬಿಲ್ಲಿನಂತೆ ಬಾಗುವ ರಿಕೆಟ್ಸ್ ರೋಗ ಮನೆಮನೆಯಲ್ಲಿತ್ತು. ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ಮಕ್ಕಳ ವೈದ್ಯ ರೋಗ ತೀವ್ರವಾಗಿದ್ದ ನಾಲ್ಕು ಮಕ್ಕಳನ್ನು ಪಾದರಸದ ಆವಿಯ ಕ್ವಾರ್ಟ್ಸ್ ದೀಪದ ಬೆಳಕಿಗೆ ಒಡ್ಡಿದರು. ವಾರಗಳು ಕಳೆದಂತೆ ಎಕ್ಸ್‌ರೇ ಚಿತ್ರದಲ್ಲಿ ಮಸುಕಾಗಿದ್ದ ಮೂಳೆಯ ತುದಿಗಳು ಬೆಳ್ಳಗೆ ಕಾಣತೊಡಗಿದವು, ಅಂದರೆ ಸುಣ್ಣದಂಶ ಕೂಡುತ್ತಿತ್ತು. 1919ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆಮೇಲೆ ಮಾಡಿದ ಇನ್ನೊಂದು ಪ್ರಯೋಗ ಇನ್ನೂ ಚೆಂದ. ಬೆಳಕು ಕೊಟ್ಟದ್ದು ಒಂದು ಕೈಗೆ ಮಾತ್ರ, ವಾಸಿಯಾದದ್ದು ಎರಡೂ ಕೈ! ಹಾಗಾದರೆ ಬೆಳಕು ಮೂಳೆಯನ್ನು ನೇರವಾಗಿ ಮುಟ್ಟುತ್ತಿಲ್ಲ. ಚರ್ಮದಲ್ಲಿ ಏನನ್ನೋ ತಯಾರಿಸಿ ರಕ್ತದೊಳಕ್ಕೆ ಕಳಿಸುತ್ತಿದೆ. ಆ ‘ಏನೋ’ ಇಂದು ನಮಗೆಲ್ಲ ಗೊತ್ತಿರುವ ಡಿ ಜೀವಸತ್ವ. ಅದರ ರಸಾಯನ ಬಿಡಿಸಿದವರಲ್ಲಿ ಪ್ರಮುಖರಾದ ಅಡಾಲ್ಫ್ ವಿಂಡೌಸ್ ಅವರಿಗೆ 1928ರಲ್ಲಿ ನೊಬೆಲ್ ಬಂತು. ದೀಪ ಹಿಡಿದ ವೈದ್ಯರ ಹೆಸರು ಮಾತ್ರ ಪಠ್ಯಪುಸ್ತಕದ ಅಂಚಿನಲ್ಲೂ ಸಿಗುವುದು ಅಪರೂಪ.

ಆಮೆಯ ಪೆಟ್ಟಿಗೆಯ ಮೇಲೆ ಇಂದು ತೂಗುವ ಯುವಿಬಿ ಟ್ಯೂಬ್‌ಲೈಟು ಆ ಬರ್ಲಿನ್ ದೀಪದ ಮೊಮ್ಮಗು. ಸೂರ್ಯನ ಬೆಳಕಿನ ಅತಿನೇರಳೆ ಭಾಗದಲ್ಲಿ 290ರಿಂದ 315 ನ್ಯಾನೋಮೀಟರಿನ, ಯುವಿಬಿ ಎಂಬ ಒಂದು ಕಿರಿದಾದ ಪಟ್ಟಿಯಿದೆ. ಅದು ತಾಗಿದಾಗ ಚರ್ಮದ ಕೊಬ್ಬಿನ ಅಣುವೊಂದು ಒಡೆದು ಡಿ ಜೀವಸತ್ವದ ಪೂರ್ವರೂಪವಾಗುತ್ತದೆ. ಪೂರ್ವರೂಪ ಪೂರ್ಣರೂಪವಾಗಲು ಬೆಳಕು ಬೇಡ, ಕಾವು ಬೇಕು. ಆದ್ದರಿಂದಲೇ ಬಿಸಿಯ ಬಲ್ಬನ್ನೂ ಯುವಿಬಿ ಟ್ಯೂಬನ್ನೂ ಒಂದೇ ಜಾಗದ ಮೇಲೆ ಕಟ್ಟಬೇಕು. ಒಂದು ಈ ಮೂಲೆ, ಇನ್ನೊಂದು ಆ ಮೂಲೆ ಎಂದರೆ ಅರ್ಧ ಕೆಲಸ. ಡಿ ಜೀವಸತ್ವ ಇಲ್ಲದಿದ್ದರೆ ತಿಂದ ಸುಣ್ಣದಂಶ ಕರುಳಿನಿಂದ ರಕ್ತಕ್ಕೆ ಸಾಕಷ್ಟು ಬರುವುದಿಲ್ಲ. ಕೊರತೆ ತುಂಬಲು ದೇಹ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ಆಮೆಯಲ್ಲಿ ಮೂಳೆ ಎಂದರೆ ಮನೆ. ಒತ್ತಿದರೆ ಒಳಹೋಗುವ ಮೆತ್ತನೆಯ ಚಿಪ್ಪು ಆ ಕೊರತೆಯ ಗುರುತು.

ಮಾರಾಟದ ಅಬ್ಬರ ಸತ್ಯವನ್ನು ನುಂಗುವುದು ಇಲ್ಲೇ. ಬಲ್ಬಿನ ಡಬ್ಬಿಯ ಮೇಲೆ ಉರಿಯುವ ಸೂರ್ಯನ ಚಿತ್ರವಿದ್ದ ಮಾತ್ರಕ್ಕೆ ಒಳಗಿನ ಬಲ್ಬು ಯುವಿಬಿ ಕೊಡುವುದಿಲ್ಲ. ಕೊಡುವ ಟ್ಯೂಬೂ ಕಣ್ಣಿಗೆ ಮೊದಲಿನಷ್ಟೇ ಬೆಳ್ಳಗೆ ಉರಿಯುತ್ತಿರುವಾಗಲೇ ತಿಂಗಳು ಕಳೆದಂತೆ ಯುವಿಬಿ ಕಳೆದುಕೊಳ್ಳುತ್ತದೆ. ಗಾಜು ಈ ಕಿರಣವನ್ನು ತಡೆಯುತ್ತದೆ. ಕಿಟಕಿಯ ಗಾಜಿನ ಹಿಂದೆ ಬಿಸಿಲು ಕಾಯಿಸುವ ಆಮೆಗೆ ಸಿಗುವುದು ಬರೀ ಬಿಸಿ. ಇಟಲಿಯ ಪಶುವೈದ್ಯರು ಹರ್ಮನ್ ಆಮೆಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಎರಡು ಬಗೆಯ ಯುವಿಬಿ ದೀಪಗಳನ್ನು ನಿಜವಾದ ಬಿಸಿಲಿನ ಜೊತೆ ಹೋಲಿಸಿದರು. ರಕ್ತದಲ್ಲಿ ಡಿ ಜೀವಸತ್ವ ಹೆಚ್ಚಿದ್ದದ್ದು ಬಿಸಿಲಿನಲ್ಲಿದ್ದವಕ್ಕೆ. ಸಾಕುವವರ ಕೈಪಿಡಿಗಳು ಬಹುಪಾಲು ವರ್ಷದ ಅರ್ಧ ಮೋಡ ಕವಿಯುವ ದೇಶಗಳಲ್ಲಿ ಬರೆದವು. ಅಲ್ಲಿ ದೀಪ ಅನಿವಾರ್ಯ. ಕೊಯಮತ್ತೂರು 11 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿನ ಮಹಡಿಯ ಮೇಲೆ ಬೆಳಗ್ಗೆ ಬೀಳುವ ಬಿಸಿಲಿಗೆ ಸಮನಾದ ದೀಪ ಯಾವ ಅಂಗಡಿಯಲ್ಲೂ ಇಲ್ಲ. ಕುರಿಚಿಯ ಮನೆಯವರು ಒಳಗಿನ ಗೂಡನ್ನು ರಾತ್ರಿಗೆ, ಮಳೆಗೆ, ಬಿರುಗಾಳಿಗೆ ಇಟ್ಟುಕೊಂಡು, ದಿನಕ್ಕೆ ಒಂದೆರಡು ಗಂಟೆ ಹೊರಗೆ ಬಿಡುವುದೇ ಸರಿ. ಬಿಡುವ ಜಾಗದಲ್ಲಿ ಅರ್ಧ ನೆರಳು ಇರಲೇಬೇಕು. ಬಿಸಿಲಿಗಿಟ್ಟ ಪ್ಲಾಸ್ಟಿಕ್ ಟಬ್ಬು ಆಮೆಯನ್ನು ಬೇಯಿಸಿಬಿಡುತ್ತದೆ. ಕಾಗೆ, ನಾಯಿಗಳ ಮೇಲೂ ಕಣ್ಣಿರಲಿ.

ಗೂಡಿನೊಳಗೆ ಕಲ್ಲು, ಮೆಟ್ಟಿಲು, ಕಡಿದಾದ ದಿಬ್ಬ ಬೇಡ ಎನ್ನುವುದರ ಹಿಂದೆ ಒಂದು ಸುಂದರ ಗಣಿತವಿದೆ. ಮಗುಚಿಬಿದ್ದ ಆಮೆ ತಾನಾಗಿ ಏಳುವುದೇ? 1995ರಲ್ಲಿ ರಷ್ಯದ ಗಣಿತಜ್ಞ ವ್ಲಾದಿಮಿರ್ ಆರ್ನಲ್ಡ್ ಒಂದು ಊಹೆ ಮುಂದಿಟ್ಟರು. ಒಳಗೆ ಭಾರದ ಗುಂಡು ಇಡದೆ, ಬರೀ ಆಕಾರದ ಬಲದಿಂದ, ಹೇಗೆ ಇಟ್ಟರೂ ಉರುಳಿ ಒಂದೇ ಭಂಗಿಯಲ್ಲಿ ನಿಲ್ಲುವ ವಸ್ತು ಸಾಧ್ಯ ಎಂದು. ಹಂಗೇರಿಯ ಗಾಬೋರ್ ದೊಮೊಕೊಶ್ ಅದರ ಬೆನ್ನು ಹತ್ತಿದರು. ಪ್ರಕೃತಿಯಲ್ಲಿ ಸಿಕ್ಕೀತೆಂದು ಗ್ರೀಸಿನ ರೋಡ್ಸ್ ದ್ವೀಪದ ಕಡಲತೀರದಲ್ಲಿ ಹೆಂಡತಿಯ ಜೊತೆ 2000 ಕಲ್ಲು ಹೆಕ್ಕಿ ಉರುಳಿಸಿ ನೋಡಿದರು. ಒಂದೂ ಸಿಗಲಿಲ್ಲ. ಕೊನೆಗೆ 2006ರಲ್ಲಿ ಪೀಟರ್ ವಾರ್ಕೊನಿ ಜೊತೆ ಅಂಥ ಆಕಾರವನ್ನು ಲೆಕ್ಕದಿಂದಲೇ ಕಟ್ಟಿದರು. ಗೊಂಬೊಟ್ಸ್ ಎಂಬ ಆ ವಸ್ತು ಕಣ್ಣಿಗೆ ಥೇಟ್ ಆಮೆಯ ಚಿಪ್ಪು! ಇಬ್ಬರೂ ಆಮೆಗಳನ್ನು ಅಳೆಯಲು ಹೊರಟರು. 2008ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಎತ್ತರದ ಗುಮ್ಮಟದಂಥ ಚಿಪ್ಪಿನ ಆಮೆಗಳು ಸ್ವಲ್ಪ ಕಾಲಾಡಿಸಿದರೆ ಸಾಕು, ಆಕಾರದಿಂದಲೇ ಉರುಳಿ ನೆಟ್ಟಗಾಗುತ್ತವೆ ಎಂದು ತಿಳಿದುಬಂತು. ಗೊಂಬೊಟ್ಸ್‌ಗೆ ಬಹಳ ಸಮೀಪ ಬಂದದ್ದು ಯಾವುದು? ನಮ್ಮ ನಕ್ಷತ್ರ ಆಮೆ.

ಸುಲ್ಕಾಟಾ ಅಷ್ಟು ಪುಣ್ಯವಂತ ಅಲ್ಲ. ಅದರ ಬೆನ್ನು ಚಪ್ಪಟೆ, ಮಗುಚಿದರೆ ಕುತ್ತಿಗೆ, ಕಾಲುಗಳಿಂದ ಒದ್ದಾಡಿಯೇ ಏಳಬೇಕು. ಬೆನ್ನಮೇಲೆ ಗೋಪುರಗಳಿದ್ದರೆ ಉರುಳುವುದು ಇನ್ನೂ ಕಷ್ಟ. ಬಿಸಿಯ ಬಲ್ಬಿನ ಕೆಳಗೆ ಹಾಗೆ ಬಿದ್ದ ಮರಿ, ಮನೆಯವರು ಕೆಲಸದಿಂದ ಬರುವಷ್ಟರಲ್ಲಿ ಸಾಯಬಹುದು.

ಪೆಟ್ಟಿಗೆಯ ಗೋಡೆ ಆರಪಾರ ಕಾಣಬಾರದು. ಗಾಜು ಕಂಡರೆ ಆಮೆಗೆ ಅದು ಗೋಡೆ ಎಂದು ಗೊತ್ತಾಗುವುದೇ ಇಲ್ಲ. ದಿನವಿಡೀ ಮೂಗು ಒತ್ತಿ ನಡೆಯುತ್ತಲೇ ಇರುತ್ತದೆ. ತಟ್ಟೆಯಷ್ಟಾದ ಆಮೆಗೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಕಡಿಮೆಯೆಂದರೂ ಬೇಕು. ಆದರೆ ಈ ಅಳತೆ ಎರಡು ಮೂರು ವರ್ಷಕ್ಕೆ ಮಾತ್ರ. ಸುಲ್ಕಾಟಾ ಭೂಖಂಡದ ನೆಲದಲ್ಲಿ ಬದುಕುವ ಆಮೆಗಳಲ್ಲೇ ಅತಿ ದೊಡ್ಡದು, ಇದಕ್ಕಿಂತ ದೊಡ್ಡವು ಗಾಲಪಗೋಸ್ ಮತ್ತು ಅಲ್ಡಾಬ್ರ ದ್ವೀಪಗಳಲ್ಲಷ್ಟೇ ಇವೆ. ಗಂಡು 50 ಕಿಲೋ ದಾಟುತ್ತದೆ, ಹಲವು ದಶಕ ಬದುಕುತ್ತದೆ. ಮಾರುವವರು ಮರಿಯನ್ನು ಅಂಗೈಯಲ್ಲಿಟ್ಟು ತೋರಿಸುವಾಗ ಈ ಮಾತನ್ನು ಹೇಳದೇ ಇರುವುದು ದೊಡ್ಡ ಅನ್ಯಾಯ. ಅಂಗಳವೋ ತೋಟವೋ ಇಲ್ಲದ ಮನೆ ಇದನ್ನು ತರಲೇಬಾರದು. ತಂದವರು ಜಾಗ ಸಾಲದೆ ಕುರಿಚಿಯ ಕೆರೆಗೆ ಬಿಡುವುದಂತೂ ಕೊಲೆಯೇ. ನೆಲದ ಆಮೆಗೆ ಈಜು ಬರುವುದಿಲ್ಲ. ಕೆರೆಯಲ್ಲಿ ತಲೆಯೆತ್ತುವ ಆಮೆಗಳು ಬೇರೆ ಜಾತಿಯವು.

ಹೊಟ್ಟೆಯ ಪಾಡು ಆ ಸೀಮೆಯಲ್ಲಿ ಸುಲಭ. ಗರಿಕೆ ಮತ್ತಿತರ ಹುಲ್ಲು, ಒಣಹುಲ್ಲು, ದಾಸವಾಳದ ಎಲೆ, ಹೂವು, ಮುಳ್ಳು ಸವರಿದ ಪಾಪಸುಕಳ್ಳಿ. ಉಡುಮಲೈಪೇಟೆಯ ಸುತ್ತ ರೇಷ್ಮೆಗೆಂದು ಬೆಳೆಯುವ ಹಿಪ್ಪುನೇರಳೆಯ ಸೊಪ್ಪು ಆಮೆಗೂ ಪ್ರಿಯ, ಕೀಟನಾಶಕ ಹೊಡೆಯದ್ದನ್ನು ನೋಡಿ ತರಬೇಕು. ಅನ್ನ, ಹಾಲು, ಬ್ರೆಡ್ಡು ಬೇಡ. ಸುಣ್ಣದಂಶಕ್ಕೆ ಸಮುದ್ರನೊರೆಯ ತುಂಡೊಂದನ್ನು ಮೂಲೆಯಲ್ಲಿಟ್ಟರೆ ಬೇಕಾದಾಗ ಕಚ್ಚಿಕೊಳ್ಳುತ್ತದೆ. ಬೆಚ್ಚಗಿನ ನೀರಿನಲ್ಲಿ ಗದ್ದ ಮುಳುಗದಷ್ಟು ಆಳಕ್ಕೆ ಕಾಲು ಗಂಟೆ ಬಿಟ್ಟರೆ ಕುಡಿದು ಮೂತ್ರಕೋಶದಲ್ಲಿ ತುಂಬಿಕೊಳ್ಳುತ್ತದೆ. ಆ ಕೋಶ ಆಮೆಯ ನೀರಿನ ತೊಟ್ಟಿ. ಗಾಲಪಗೋಸ್ ದ್ವೀಪದವರು ಬಾಯಾರಿದಾಗ ಆಮೆ ಕೊಂದು ಆ ನೀರು ಕುಡಿಯುತ್ತಿದ್ದರೆಂದು ಡಾರ್ವಿನ್ ಬರೆದಿದ್ದಾರೆ. ಮಕ್ಕಳು ಆಟಕ್ಕೆ ಮತ್ತೆಮತ್ತೆ ಎತ್ತಿದರೆ ಹೆದರಿದ ಆಮೆ ಅದನ್ನೆಲ್ಲ ಚೆಲ್ಲಿಬಿಡುತ್ತದೆ. ಎತ್ತಿದವರು ಸಾಬೂನಿನಿಂದ ಕೈ ತೊಳೆಯಲೇಬೇಕು, ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯ ಸಾಮಾನ್ಯ.

ಮನೆಯೊಳಗೆ ಬೆಳೆದ ಆಮೆ ಕಾಡಿಗೆ ಮರಳಬಲ್ಲದೇ ಎಂದು ಕೇಳುವವರಿದ್ದಾರೆ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದಿಳಿದವು. ಕಳ್ಳಸಾಗಣೆಗೆ ಸಿಕ್ಕು ಹೋದ ಅವನ್ನು ಅಲ್ಲಿನ ಪ್ರಾಣಿದಯಾ ಸಂಸ್ಥೆ ರಕ್ಷಿಸಿ ಸಾಕಿತ್ತು. ಕರ್ನಾಟಕದ ಅರಣ್ಯ ಇಲಾಖೆ ಬರಮಾಡಿಕೊಂಡಿತು. ತಿರುಪ್ಪೂರು ಜಿಲ್ಲೆಗೆ ಅಂಟಿಕೊಂಡ ಕೇರಳದ ಚಿನ್ನಾರ್ ಅಭಯಾರಣ್ಯದಲ್ಲೂ ಜಪ್ತಿಯಾದ ನಕ್ಷತ್ರ ಆಮೆಗಳನ್ನು ಬೇಲಿಯೊಳಗೆ ಪಳಗಿಸಿ ಕಾಡಿಗೆ ಬಿಟ್ಟಿದ್ದಾರೆ. ಅವು ಈ ನೆಲದವು, ಹಾಗಾಗಿ ಅವಕ್ಕೆ ಹೋಗಲು ಒಂದು ಕಾಡಿದೆ. ಆದರೂ ತಜ್ಞರ ಉಸ್ತುವಾರಿಯಿಲ್ಲದೆ ಬಿಡುವಂತಿಲ್ಲ. ಸುಲ್ಕಾಟಾಗೆ ಇಲ್ಲಿ ಕಾಡೇ ಇಲ್ಲ. ಕುರಿಚಿಯ ಆ ಆಮೆಗೆ ಇರುವುದು ಆ ಮನೆ, ಆ ಪೆಟ್ಟಿಗೆ, ಮುಂದೆ ಆ ಅಂಗಳ.

ಎದ್ದಿರುವ ಗೋಪುರಗಳು ಇಳಿಯುವುದಿಲ್ಲ. ತೇವದ ಮಣ್ಣು, ಮಡಕೆಯ ಬಿಲ, ಮಹಡಿಯ ಬಿಸಿಲು ಸಿಕ್ಕಮೇಲೆ ಮನೆಯವರು ನೋಡಬೇಕಾದ್ದು ಬಿಲ್ಲೆಗಳ ನಡುವಿನ ಸಂದನ್ನು. ತಿಂಗಳಿಗೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಅದೇ ಬೆಳಕಿನಲ್ಲಿ, ಅದೇ ಕೋನದಿಂದ ಬೆನ್ನಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕು. ಬೆಳೆಯುವ ಆಮೆಯ ಸಂದಿನಲ್ಲಿ ಹಳೆಯದಕ್ಕಿಂತ ತಿಳಿಬಣ್ಣದ ಒಂದು ಹೊಸ ಪಟ್ಟಿ ಕಾಣಿಸಿಕೊಳ್ಳುತ್ತದೆ. ಆ ಪಟ್ಟಿ ಕೆಳಕ್ಕೆ ಬಾಗದೆ, ಹಳೆಯ ಗೋಪುರದ ಬುಡದಿಂದ ಹೊರಕ್ಕೆ ಸಪಾಟಾಗಿ ಚಾಚಿದ್ದರೆ ಮಡಕೆಯೊಳಗಿನ ತೇವ ಸಾಕು. ಬಾಗಿದ್ದರೆ ಇನ್ನೊಂದು ತಂಬಿಗೆ ನೀರು.